ಹಾರ್ವರ್ಡ್ ಬಿಸಿನೆಸ್ ಸ್ಕೂಲ್

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ ವ್ಯವಹಾರಾಡಳಿತ ಶಾಲೆ. ಸ್ಥಾಪನೆ 1908. ಇಂದು ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಬೋರ್ಡು ಕಾಣಿಸುವ ಎಂ.ಬಿ.ಎ. ಪದವಿ ಮೊದಲು ಹುಟ್ಟಿದ್ದು ಇಲ್ಲಿ. ವಿಶ್ವವಿದ್ಯಾಲಯದ ಹಳೆಯ ಆವರಣ ಕೇಂಬ್ರಿಜ್ ಪಟ್ಟಣದಲ್ಲಿದೆ. ಈ ಶಾಲೆ ಇರುವುದು ಚಾರ್ಲ್ಸ್ ನದಿಯ ಆಚೆ ದಡದಲ್ಲಿ, ಬಾಸ್ಟನ್ ನಗರದ ಭಾಗವಾದ ಆಲ್‌ಸ್ಟನ್‌ನಲ್ಲಿ. ಇಲ್ಲಿ ಕಲಿತವರಲ್ಲಿ ಒಬ್ಬ ಅಮೆರಿಕದ ಅಧ್ಯಕ್ಷ, ಹಲವು ದೇಶಗಳ ಮಂತ್ರಿಗಳು, ದೊಡ್ಡ ಕಂಪನಿಗಳ ಮುಖ್ಯಸ್ಥರು ಇದ್ದಾರೆ. ಆದರೆ ಶಾಲೆಯ ಚರಿತ್ರೆಯಲ್ಲಿ ಹೆಸರುಗಳಿಗಿಂತ ಮುಖ್ಯವಾದದ್ದು ಅದು ಹುಟ್ಟುವಾಗಲೇ ಎದುರಿಸಿದ ಪ್ರಶ್ನೆ: ವೈದ್ಯ ಮತ್ತು ವಕೀಲರ ವೃತ್ತಿಯಂತೆ ವ್ಯವಹಾರವೂ ಸಮಾಜಕ್ಕೆ ಹೊಣೆಯಾದ ಒಂದು ವೃತ್ತಿಯೇ, ಅಥವಾ ಹಣ ಮಾಡುವ ಕೌಶಲ ಮಾತ್ರವೇ? ಶಾಲೆ ತನ್ನ ಆಯುಷ್ಯದುದ್ದಕ್ಕೂ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುತ್ತ ಬಂದಿದೆ.

ಹುಟ್ಟು

ವ್ಯಾಪಾರ ಕಲಿಸುವ ಶಾಲೆ 1908ಕ್ಕೆ ಹೊಸದಾಗಿರಲಿಲ್ಲ. ಪ್ಯಾರಿಸ್‌ನಲ್ಲಿ 1819ರಿಂದಲೇ ಒಂದು ವಾಣಿಜ್ಯ ಶಾಲೆ ನಡೆಯುತ್ತಿತ್ತು. ಅಮೆರಿಕದಲ್ಲಿ ಉದ್ಯಮಿ ಜೋಸೆಫ್ ವಾರ್ಟನ್ ಕೊಟ್ಟ 1,00,000 ಡಾಲರ್ ದತ್ತಿಯಿಂದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ 1881ರಲ್ಲಿ ವಾರ್ಟನ್ ಶಾಲೆ ತೆರೆದಿತ್ತು. 1900ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಟಕ್ ಶಾಲೆ ಆರಂಭವಾಯಿತು. ಹಾರ್ವರ್ಡ್ ಇವೆರಡಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಮೊದಲ ಪದವಿ ಮುಗಿಸಿದವರಿಗೆ ಮಾತ್ರ ಪ್ರವೇಶ ಎಂದು ನಿಯಮ ಮಾಡಿ, ಎರಡು ವರ್ಷ ಓದಿದವರಿಗೆ ವ್ಯವಹಾರಾಡಳಿತದ ಮಾಸ್ಟರ್ ಪದವಿ ಕೊಡಲು ನಿರ್ಧರಿಸಿತು.

ಇಂಥ ಶಾಲೆ ಬೇಕೆನಿಸಿದ್ದಕ್ಕೆ ಕಾರಣ ರೈಲು. ಅಂಗಡಿಯ ಯಜಮಾನನ ಮಗ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕುಳಿತು ವ್ಯಾಪಾರ ಕಲಿಯುತ್ತಿದ್ದ. ಅವನಿಗೆ ವಿಶ್ವವಿದ್ಯಾಲಯ ಬೇಕಿರಲಿಲ್ಲ. ಸಾವಿರಾರು ಮೈಲಿ ಹಳಿ, ಸಾವಿರಾರು ನೌಕರರು, ಲಕ್ಷಗಟ್ಟಲೆ ಟಿಕೆಟ್ಟುಗಳ ಲೆಕ್ಕ ಇರುವ ರೈಲು ಕಂಪನಿಯನ್ನು ಒಂದು ಮನೆತನ ನಡೆಸಲಾರದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಉಕ್ಕು, ಎಣ್ಣೆ, ಮಾಂಸ ಸಂಸ್ಕರಣೆ, ತಂಬಾಕು ಎಲ್ಲದರಲ್ಲೂ ಇದೇ ಗಾತ್ರದ ಕಂಪನಿಗಳು ಎದ್ದವು. ಬಂಡವಾಳ ಹೂಡಿದವರು ಒಬ್ಬರು, ಸಂಬಳ ಪಡೆದು ನಡೆಸುವವರು ಇನ್ನೊಬ್ಬರು ಎಂಬ ಹೊಸ ಏರ್ಪಾಡು ಬಂತು. ಹಾಗೆ ನಡೆಸುವವರ ವರ್ಗವೇ ಇಂದಿನ ಮ್ಯಾನೇಜರುಗಳ ಮೂಲ. ಈ ಬದಲಾವಣೆಯ ಅತ್ಯುತ್ತಮ ಇತಿಹಾಸವನ್ನು ಮುಂದೆ ಬರೆದವರು ಇದೇ ಶಾಲೆಯ ಪ್ರಾಧ್ಯಾಪಕ ಆಲ್‌ಫ್ರೆಡ್ ಚಾಂಡ್ಲರ್. ಆ ಕೃತಿಗೆ 1978ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಆಗ ಹಾರ್ವರ್ಡಿನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ನಲವತ್ತು ವರ್ಷ ಆ ಸ್ಥಾನದಲ್ಲಿದ್ದವರು. ತಮ್ಮ ಪದವೀಧರರಲ್ಲಿ ಹೆಚ್ಚು ಹೆಚ್ಚು ಮಂದಿ ಪಾದ್ರಿಗಳೋ ವಕೀಲರೋ ಆಗದೆ ವ್ಯವಹಾರಕ್ಕೆ ಹೋಗುತ್ತಿರುವುದನ್ನು ಅವರು ಗಮನಿಸಿದ್ದರು. ಮೊದಲು ಯೋಚನೆ ಇದ್ದದ್ದು ರಾಜತಂತ್ರ ಮತ್ತು ಸರ್ಕಾರಿ ಸೇವೆಗೆ ತರಬೇತಿ ಕೊಡುವ ಶಾಲೆಯ ಬಗ್ಗೆ. ಚರ್ಚೆ ಬೆಳೆದಂತೆ, ಮುಂದೆ ಎಲಿಯಟ್ ಅವರ ಸ್ಥಾನಕ್ಕೆ ಬಂದ ಲಾರೆನ್ಸ್ ಲೋವೆಲ್ ಮತ್ತಿತರರು ಅದನ್ನು ವ್ಯವಹಾರದ ಕಡೆಗೆ ತಿರುಗಿಸಿದರು. 1907ರ ಅಕ್ಟೋಬರಿನಲ್ಲಿ ಅಮೆರಿಕದ ಬ್ಯಾಂಕುಗಳಲ್ಲಿ ದಿಗಿಲೆದ್ದು ಹಣ ಎತ್ತುವುದೇ ಕಷ್ಟವಾಯಿತು. ಹಾಗಿದ್ದರೂ ಐದು ವರ್ಷದ ಪ್ರಯೋಗ ಎಂದು ಹೇಳಿ ಶಾಲೆಯನ್ನು ತೆರೆದೇಬಿಟ್ಟರು. ಮೊದಲ ವರ್ಷದ ವಿದ್ಯಾರ್ಥಿಗಳು ನೂರಕ್ಕಿಂತ ಕಡಿಮೆ.

ಮೊದಲ ಡೀನ್ ಎಡ್ವಿನ್ ಗೇ ಉದ್ಯಮಿಯಲ್ಲ, ಆರ್ಥಿಕ ಇತಿಹಾಸಕಾರ. ಯೂರೋಪಿನಲ್ಲಿ ಹನ್ನೆರಡು ವರ್ಷ ಓದಿ ಬರ್ಲಿನ್‌ನಲ್ಲಿ ಡಾಕ್ಟರೇಟ್ ಪಡೆದವರು. ಈ ಆಯ್ಕೆ ಶಾಲೆಗೆ ಒಳ್ಳೆಯದನ್ನೇ ಮಾಡಿತು ಎನ್ನಬೇಕು. ಲಾಭಕ್ಕಾಗಿ ಸರಕು ತಯಾರಿಸಿ ಮಾರುವುದು ವ್ಯವಹಾರ ನಿಜ, ಆದರೆ ಅದು ಮರ್ಯಾದೆಯಿಂದ ನಡೆಯಬೇಕು ಎಂಬ ತಿಳಿವಳಿಕೆಯನ್ನು ಗೇ ಶಾಲೆಯ ಬುನಾದಿಗೆ ಇಟ್ಟರು. ಅವರ ಮುಂದಿದ್ದ ದೊಡ್ಡ ತೊಡಕು ಬೇರೆಯದೇ ಆಗಿತ್ತು. ಕಲಿಸಲು ಪುಸ್ತಕಗಳೇ ಇರಲಿಲ್ಲ. ಲೆಕ್ಕಪತ್ರ, ಒಪ್ಪಂದದ ಕಾನೂನು, ರೈಲ್ವೆ ದರ ಇವುಗಳ ಬಗ್ಗೆ ಒಂದಿಷ್ಟು ಸಾಮಗ್ರಿ ಇತ್ತು. ಸರಕು ಹೇಗೆ ಊರಿಂದೂರಿಗೆ ಹೋಗಿ ಗಿರಾಕಿಯ ಕೈ ಸೇರುತ್ತದೆ, ಪ್ರತಿ ಹಂತದಲ್ಲಿ ಎಷ್ಟು ಖರ್ಚು ಬೀಳುತ್ತದೆ ಎಂದು ಯಾರೂ ಬರೆದಿಟ್ಟಿರಲಿಲ್ಲ. ಕಾರ್ಖಾನೆಯ ಕೆಲಸವನ್ನು ಗಡಿಯಾರ ಹಿಡಿದು ಅಳೆದ ಫ್ರೆಡರಿಕ್ ಟೇಲರ್ ಅವರನ್ನೇ ಕರೆಸಿ ಉಪನ್ಯಾಸ ಕೊಡಿಸಿದರು.

1911ರಲ್ಲಿ ಆರಂಭವಾದ ವ್ಯವಹಾರ ಸಂಶೋಧನಾ ವಿಭಾಗ ಮೊದಲು ಕೈಗೆತ್ತಿಕೊಂಡಿದ್ದು ಪಾದರಕ್ಷೆ ಅಂಗಡಿಗಳನ್ನು. ಒಂದು ಜೋಡಿ ಬೂಟು ಮಾರಲು ಅಂಗಡಿಯವನಿಗೆ ಎಷ್ಟು ವೆಚ್ಚ ತಗಲುತ್ತದೆ ಎಂಬ ಸರಳ ಪ್ರಶ್ನೆ ಹಿಡಿದು ಹೊರಟ ಸಂಶೋಧಕರಿಗೆ ಒಬ್ಬೊಬ್ಬ ಅಂಗಡಿಯವನು ಒಂದೊಂದು ರೀತಿ ಲೆಕ್ಕ ಇಡುತ್ತಿರುವುದು ಗೊತ್ತಾಯಿತು. ಬಾಡಿಗೆಯನ್ನು ಒಬ್ಬ ಖರ್ಚಿನಲ್ಲಿ ಸೇರಿಸಿದರೆ, ಸ್ವಂತ ಕಟ್ಟಡದ ಇನ್ನೊಬ್ಬ ಬಿಟ್ಟುಬಿಡುವನು. ತನ್ನ ದುಡಿಮೆಗೆ ಸಂಬಳವನ್ನೇ ಹಾಕಿಕೊಳ್ಳದವನು ಮತ್ತೊಬ್ಬ. ಹೀಗಾಗಿ ಅಂಕಿ ಅಂಶ ಕೂಡಿಸುವ ಮೊದಲು ಎಲ್ಲ ಅಂಗಡಿಗಳಿಗೂ ಹೊಂದುವ ಒಂದೇ ಲೆಕ್ಕಪದ್ಧತಿಯನ್ನು ರೂಪಿಸಿ ಹಂಚಬೇಕಾಯಿತು. ವಿಶ್ವವಿದ್ಯಾಲಯದ ವಿದ್ವಾಂಸರು ಬೀದಿಯ ಅಂಗಡಿಯನ್ನು ಅಧ್ಯಯನಕ್ಕೆ ಯೋಗ್ಯವೆಂದು ಭಾವಿಸಿದ್ದು ಅಂದಿಗೆ ಸಣ್ಣ ಮಾತಲ್ಲ.

ಕೇಸ್ ಪದ್ಧತಿ

ಶಾಲೆಯ ಹೆಸರಿನೊಂದಿಗೆ ಅಂಟಿಕೊಂಡಿರುವ ಕೇಸ್ ಪದ್ಧತಿಯ ಮೂಲ ಹಾರ್ವರ್ಡಿನ ಕಾನೂನು ಶಾಲೆಯಲ್ಲಿದೆ. ಅಲ್ಲಿ 1870ರ ದಶಕದಲ್ಲಿ ಕ್ರಿಸ್ಟೋಫರ್ ಲ್ಯಾಂಗ್‌ಡೆಲ್ ಎಂಬ ಡೀನ್ ಉಪನ್ಯಾಸ ಕೈಬಿಟ್ಟು, ನ್ಯಾಯಾಲಯಗಳ ಹಳೆಯ ತೀರ್ಪುಗಳನ್ನು ವಿದ್ಯಾರ್ಥಿಗಳ ಮುಂದಿಟ್ಟು, ಅವುಗಳಿಂದ ಕಾನೂನಿನ ತತ್ತ್ವವನ್ನು ಅವರೇ ಬಿಡಿಸಿಕೊಳ್ಳುವಂತೆ ಮಾಡಿದ್ದರು. ಗೇ ಅವರಿಗೆ ಇದು ವ್ಯವಹಾರಕ್ಕೂ ಒಗ್ಗಬಹುದು ಎನಿಸಿತ್ತು. ಷಿಕಾಗೋದ ಪ್ರಕಾಶಕ ಆರ್ಚ್ ಶಾ 1911ರ ಸುಮಾರಿಗೆ ಒಂದು ಪಾಠಕ್ರಮ ನಡೆಸಿ, ಉದ್ಯಮಿಗಳನ್ನೇ ತರಗತಿಗೆ ಕರೆತಂದು ಅವರ ಕಂಪನಿಯ ಸಮಸ್ಯೆಗಳನ್ನು ವಿದ್ಯಾರ್ಥಿಗಳ ಮುಂದೆ ಹೇಳಿಸಿದರು.

ಇದನ್ನು ಇಡೀ ಶಾಲೆಯ ಪದ್ಧತಿಯನ್ನಾಗಿ ಮಾಡಿದವರು 1919ರಿಂದ 1942ರವರೆಗೆ ಡೀನ್ ಆಗಿದ್ದ ವ್ಯಾಲೇಸ್ ಡಾನಮ್. ಅವರು ಅದೇ ಕಾನೂನು ಶಾಲೆಯಲ್ಲಿ ಓದಿ, ಬ್ಯಾಂಕಿನಲ್ಲಿ ಕೆಲಸ ಮಾಡಿ ಬಂದವರು. ವಕೀಲರಿಗೆ ತೀರ್ಪುಗಳ ಸಂಪುಟಗಳು ಸಿದ್ಧವಾಗಿ ಸಿಗುತ್ತವೆ. ವ್ಯವಹಾರಕ್ಕೆ ಅಂಥ ದಾಖಲೆ ಇಲ್ಲ. ಆದ್ದರಿಂದ ಡಾನಮ್ ಸಂಶೋಧನಾ ವಿಭಾಗವನ್ನೇ ಕೇಸ್ ಬರೆಯುವ ಕೆಲಸಕ್ಕೆ ಹಚ್ಚಿದರು. ಯುವ ಸಂಶೋಧಕರು ಕಂಪನಿಯಿಂದ ಕಂಪನಿಗೆ ಹೋಗಿ, ಯಾವ ತೀರ್ಮಾನ ಹೇಗೆ ಎದುರಾಯಿತು, ಆಗ ಕೈಯಲ್ಲಿದ್ದ ಮಾಹಿತಿ ಏನು ಎಂದು ಬರೆದು ತಂದರು. ಮಾರುಕಟ್ಟೆ ಸಮಸ್ಯೆಗಳ ಕುರಿತು ಮೆಲ್ವಿನ್ ಕೋಪ್‌ಲೆಂಡ್ ಅವರ ಸಂಕಲನ 1920ರಲ್ಲಿ ಹೊರಬಂತು. ಮಾರನೆಯ ವರ್ಷ ಕ್ಲಿಂಟನ್ ಬಿಡಲ್ ಬರೆದ ‘ಜನರಲ್ ಶೂ ಕಂಪನಿ’ ಶಾಲೆಯ ಮೊದಲ ಲಿಖಿತ ಕೇಸ್ ಎಂದು ಹೆಸರಾಯಿತು. ಮತ್ತೆ ಪಾದರಕ್ಷೆಯೇ; ಆಗ ಶಾಲೆಯಿರುವ ನ್ಯೂ ಇಂಗ್ಲೆಂಡ್ ಪ್ರಾಂತ್ಯದ ಮುಖ್ಯ ಉದ್ಯಮಗಳಲ್ಲಿ ಅದೂ ಒಂದು. 1922ರಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ ಪತ್ರಿಕೆಯೂ ಶುರುವಾಯಿತು.

ಕೇಸ್ ತರಗತಿ ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕೇಸ್ ಎಂದರೆ ಹತ್ತಿಪ್ಪತ್ತು ಪುಟದ ಬರಹ, ಕೊನೆಯಲ್ಲಿ ಆಯವ್ಯಯದ ಕೋಷ್ಟಕಗಳು. ಅದರಲ್ಲಿ ಒಬ್ಬ ಅಧಿಕಾರಿ ಇರುತ್ತಾನೆ, ಅವನ ಮುಂದೆ ಒಂದು ಇಕ್ಕಟ್ಟು ಇರುತ್ತದೆ: ಹೊಸ ಕಾರ್ಖಾನೆ ಕಟ್ಟಬೇಕೇ, ಬೆಲೆ ಇಳಿಸಬೇಕೇ, ಹಳೆಯ ನೌಕರನನ್ನು ತೆಗೆಯಬೇಕೇ? ಉತ್ತರ ಬರಹದಲ್ಲಿ ಇರುವುದಿಲ್ಲ. ವಿದ್ಯಾರ್ಥಿಗಳು ಹಿಂದಿನ ದಿನವೇ ಓದಿ, ಚಿಕ್ಕ ಗುಂಪಿನಲ್ಲಿ ಮಾತಾಡಿಕೊಂಡು ಬಂದಿರಬೇಕು. ಸುಮಾರು ತೊಂಬತ್ತು ಮಂದಿಯ ಒಂದೊಂದು ವಿಭಾಗ ಮೊದಲ ವರ್ಷವಿಡೀ ಒಟ್ಟಿಗೇ ಕುಳಿತುಕೊಳ್ಳುತ್ತದೆ. ಪ್ರಾಧ್ಯಾಪಕರು ಮುನ್ಸೂಚನೆ ಇಲ್ಲದೆ ಒಬ್ಬರ ಹೆಸರು ಹಿಡಿದು ಕರೆದು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಅಲ್ಲಿಂದ ವಾದ ಶುರು. ಒಬ್ಬರ ಮಾತನ್ನು ಇನ್ನೊಬ್ಬರು ಮುರಿಯುತ್ತಾರೆ, ಮೂರನೆಯವರು ಲೆಕ್ಕದಲ್ಲಿ ತಪ್ಪು ಹಿಡಿಯುತ್ತಾರೆ. ಪ್ರಾಧ್ಯಾಪಕರು ಹಲಗೆಯ ಮೇಲೆ ಎಳೆಗಳನ್ನು ಜೋಡಿಸುತ್ತ ಹೋಗುತ್ತಾರೆ. ಅಂಕಗಳಲ್ಲಿ ದೊಡ್ಡ ಪಾಲು ಈ ಮಾತುಕತೆಗೇ ಮೀಸಲು. 1953ರಲ್ಲಿ ಕಟ್ಟಿದ ಆಲ್ಡ್ರಿಚ್ ಹಾಲ್‌ನಲ್ಲಿ ಆಸನಗಳನ್ನು ಕುದುರೆಲಾಳದ ಆಕಾರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹಾಕಿದ್ದು ವಿದ್ಯಾರ್ಥಿಗಳು ಪರಸ್ಪರ ಮುಖ ನೋಡಿ ಮಾತಾಡಲೆಂದೇ. ಎರಡು ವರ್ಷದಲ್ಲಿ ಒಬ್ಬ ವಿದ್ಯಾರ್ಥಿ ಓದುವ ಕೇಸ್‌ಗಳು ಸುಮಾರು 500.

ಅರ್ಧಂಬರ್ಧ ಮಾಹಿತಿಯಲ್ಲೇ ತೀರ್ಮಾನಕ್ಕೆ ಬರುವುದನ್ನು, ಅದನ್ನು ಹತ್ತು ಜನರ ಮುಂದೆ ಸಮರ್ಥಿಸುವುದನ್ನು, ಇನ್ನೊಬ್ಬರ ಮಾತಿಗೆ ಮಣಿದು ಅಭಿಪ್ರಾಯ ಬದಲಿಸುವುದನ್ನು ಇದರಷ್ಟು ಚೆನ್ನಾಗಿ ಕಲಿಸುವ ಕ್ರಮ ಇನ್ನೊಂದಿಲ್ಲ. ಅದರ ದೋಷಗಳೂ ಅಷ್ಟೇ ಆಳವಾದವು. ತರಗತಿಯಲ್ಲಿ ತೀರ್ಮಾನ ಕೊಟ್ಟವರು ಅದರ ಫಲ ಉಣ್ಣಬೇಕಿಲ್ಲ; ನೌಕರಿ ಹೋದವನ ಮನೆ ಅವರ ಕಣ್ಣಿಗೆ ಬೀಳುವುದಿಲ್ಲ. ಕಂಪನಿಯೊಳಗೆ ಹೋಗಿ ಬರೆದ ಕೇಸ್ ಅನ್ನು ಅಚ್ಚುಮಾಡುವ ಮೊದಲು ಕಂಪನಿಯ ಒಪ್ಪಿಗೆ ಪಡೆಯಬೇಕು. ಹೀಗಿರುವಾಗ ಕಂಪನಿ ಮುಚ್ಚಿಡಲು ಬಯಸುವ ಕಥೆ ತರಗತಿಗೆ ಬರುವುದು ಕಷ್ಟ. ಕಥೆ ಬಹುತೇಕ ಮೇಲಿನ ಕುರ್ಚಿಯಲ್ಲಿ ಕುಳಿತವನ ಕಣ್ಣಿಂದಲೇ ನಡೆಯುತ್ತದೆ, ಯಂತ್ರದ ಮುಂದೆ ನಿಂತವಳ ಕಣ್ಣಿಂದಲ್ಲ. 1979ರಲ್ಲಿ ಹಾರ್ವರ್ಡಿನ ಅಧ್ಯಕ್ಷ ಡೆರೆಕ್ ಬಾಕ್ ಅವರೇ ಶಾಲೆ ಈ ಒಂದೇ ಪದ್ಧತಿಗೆ ಅಂಟಿಕೊಂಡಿರುವುದನ್ನು ಬಹಿರಂಗವಾಗಿ ವಿಮರ್ಶಿಸಿದರು. ಶಾಲೆಯಲ್ಲಿ ಇದಕ್ಕೆ ತೀವ್ರ ಪ್ರತಿರೋಧ ಬಂತು. ಪದ್ಧತಿ ಹಾಗೆಯೇ ಮುಂದುವರಿಯಿತು.

ನದಿಯಾಚೆಯ ಆವರಣ

ಮೊದಲ ಎರಡು ದಶಕ ಶಾಲೆಗೆ ಸ್ವಂತ ಸೂರು ಇರಲಿಲ್ಲ. ಕೇಂಬ್ರಿಜ್‌ನ ಅಲ್ಲಿ ಇಲ್ಲಿ ಸಿಕ್ಕ ಕೊಠಡಿಗಳಲ್ಲಿ ಪಾಠ ನಡೆಯುತ್ತಿತ್ತು. 1924ರಲ್ಲಿ ಬಿಷಪ್ ವಿಲಿಯಂ ಲಾರೆನ್ಸ್ ದೇಣಿಗೆ ಸಂಗ್ರಹಕ್ಕೆ ಹೊರಟಾಗ ನ್ಯೂಯಾರ್ಕಿನ ಫಸ್ಟ್ ನ್ಯಾಷನಲ್ ಬ್ಯಾಂಕಿನ ಜಾರ್ಜ್ ಬೇಕರ್ ಒಂದು ಪಾಲು ಕೊಡಲು ಒಪ್ಪಲಿಲ್ಲ. ಕೊಡುವುದಾದರೆ ಶಾಲೆಗೆ ಬೇಕಾದ 50 ಲಕ್ಷ ಡಾಲರನ್ನೂ ತಾನೊಬ್ಬನೇ ಕೊಡುವೆ ಎಂದರು, ಹಾಗೆಯೇ ಕೊಟ್ಟರು. ಮೆಕಿಮ್, ಮೀಡ್ ಅಂಡ್ ವೈಟ್ ಎಂಬ ಹೆಸರಾಂತ ವಾಸ್ತುಶಿಲ್ಪಿ ಸಂಸ್ಥೆ ಕೆಂಪು ಇಟ್ಟಿಗೆಯ ಜಾರ್ಜಿಯನ್ ಶೈಲಿಯ ಕಟ್ಟಡಗಳನ್ನು ಕಟ್ಟಿತು. 1927ರಲ್ಲಿ ಆವರಣ ಉದ್ಘಾಟನೆಯಾಯಿತು. ವಿಶ್ವವಿದ್ಯಾಲಯದ ಉಳಿದ ಭಾಗಕ್ಕೂ ಈ ಶಾಲೆಗೂ ನಡುವೆ ನದಿ ಬಂದದ್ದರಿಂದ ಶಾಲೆ ತನ್ನದೇ ಲೋಕವಾಗಿ ಬೆಳೆಯಿತು.

ಆವರಣದ ನಡುವಿನ ಬೇಕರ್ ಗ್ರಂಥಾಲಯ ಈ ಶಾಲೆಯ ನಿಜವಾದ ಸಂಪತ್ತು ಎಂದು ಇತಿಹಾಸ ಬಲ್ಲವರು ಒಪ್ಪಬಹುದು. ಲಂಡನ್ನಿನ ಅಂಗಡಿ ಸಮೂಹದ ಒಡೆಯ ಗಾರ್ಡನ್ ಸೆಲ್ಫ್ರಿಜ್ ಕೊಟ್ಟ, ಇಟಲಿಯ ಮೆಡಿಚಿ ಮನೆತನದ ಲೆಕ್ಕದ ಪುಸ್ತಕಗಳೂ ಕಾಗದಪತ್ರಗಳೂ ಇಲ್ಲಿವೆ. ಆರ್. ಜಿ. ಡನ್ ಕಂಪನಿ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಊರೂರಿನ ವರ್ತಕರ ಬಗ್ಗೆ, ಇವನಿಗೆ ಸಾಲ ಕೊಡಬಹುದೇ, ಇವನ ನಡತೆ ಹೇಗೆ ಎಂದು ಬರೆದಿಡಿಸಿದ್ದ 2,500ಕ್ಕೂ ಹೆಚ್ಚು ಕೈಬರಹದ ಸಂಪುಟಗಳಿವೆ. ನ್ಯೂ ಇಂಗ್ಲೆಂಡಿನ ಬಟ್ಟೆ ಗಿರಣಿಗಳ ದಾಖಲೆಗಳಿವೆ. ವ್ಯವಹಾರದ ಇತಿಹಾಸ ಎಂಬ ಅಧ್ಯಯನ ಶಾಖೆಗೆ 1927ರಲ್ಲಿ ಒಂದು ಪೀಠವನ್ನೂ ಸ್ಥಾಪಿಸಿ ಎನ್. ಎಸ್. ಬಿ. ಗ್ರಾಸ್ ಅವರನ್ನು ನೇಮಿಸಲಾಯಿತು. ನಮ್ಮ ಹಳೆಯ ಮಂಡಿಗಳ ಕಡತಗಳು, ಗಿರಣಿಗಳ ಹಾಜರಿ ಪುಸ್ತಕಗಳು ರದ್ದಿಗೆ ಹೋಗುತ್ತಿರುವಾಗ ಈ ಉದಾಹರಣೆಯನ್ನು ಕರ್ನಾಟಕದ ವಿಶ್ವವಿದ್ಯಾಲಯಗಳು ಗಮನಿಸಬೇಕು.

ಕಾರ್ಖಾನೆಯೊಳಗಿನ ಮನುಷ್ಯ

ಡಾನಮ್ ಕಾಲದಲ್ಲಿ ಶಾಲೆಯ ಗಮನ ಲೆಕ್ಕದಿಂದ ಮನುಷ್ಯನ ಕಡೆಗೂ ಹರಿಯಿತು. ದೇಹ ಹೇಗೆ ದಣಿಯುತ್ತದೆ ಎಂದು ಅಳೆಯಲು 1927ರಲ್ಲಿ ಶಾಲೆಯ ಮೋರ್ಗನ್ ಹಾಲ್‌ನ ನೆಲಮಾಳಿಗೆಯಲ್ಲಿ ಜೀವರಸಾಯನ ವಿಜ್ಞಾನಿ ಎಲ್. ಜೆ. ಹೆಂಡರ್ಸನ್ ಒಂದು ಪ್ರಯೋಗಾಲಯ ತೆರೆದರು. ಆಸ್ಟ್ರೇಲಿಯಾದಿಂದ ಬಂದ ಎಲ್ಟನ್ ಮೇಯೊ 1926ರಲ್ಲಿ ಶಾಲೆ ಸೇರಿದರು. ಷಿಕಾಗೋ ಬಳಿಯ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದಲೇ ಬೆಳಕಿನ ಪ್ರಯೋಗಗಳು ನಡೆಯುತ್ತಿದ್ದವು. ದೀಪದ ಬೆಳಕು ಹೆಚ್ಚಿಸಿದರೂ ಕೆಲಸ ಹೆಚ್ಚಿತು, ತಗ್ಗಿಸಿದರೂ ಹೆಚ್ಚಿತು. ಎಂಜಿನಿಯರುಗಳಿಗೆ ದಿಕ್ಕು ತೋಚಲಿಲ್ಲ. ಬಳಿಕ ಟೆಲಿಫೋನ್ ಬಿಡಿಭಾಗ ಜೋಡಿಸುವ ಕೆಲವೇ ಹೆಂಗಸರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ವಿರಾಮ, ಕೆಲಸದ ವೇಳೆ, ಕೂಲಿಯ ಕ್ರಮ ಎಲ್ಲವನ್ನೂ ಬದಲಿಸಿ ವರ್ಷಗಟ್ಟಲೆ ಗಮನಿಸಿದರು. ಸಾವಿರಾರು ನೌಕರರನ್ನು ಕೂರಿಸಿಕೊಂಡು ಮಾತಾಡಿಸಿದರು. ಈ ಅಧ್ಯಯನದಲ್ಲಿ ಕೈಜೋಡಿಸಿದ ಮೇಯೊ ಮತ್ತು ಅವರ ಸಹೋದ್ಯೋಗಿ ಫ್ರಿಟ್ಜ್ ರೋತ್‌ಲಿಸ್‌ಬರ್ಗರ್ ಇದರಿಂದ ತೆಗೆದ ಸಾರ: ಕೆಲಸಗಾರ ಕೂಲಿಗಷ್ಟೇ ದುಡಿಯುವವನಲ್ಲ, ಅವನ ಗುಂಪು, ಅವನಿಗೆ ಸಿಗುವ ಗಮನ, ಮೇಲಿನವರ ನಡವಳಿಕೆ ಇವೂ ಅವನ ದುಡಿಮೆಯನ್ನು ನಿರ್ಧರಿಸುತ್ತವೆ.

ಈ ಅಧ್ಯಯನದ ಮೇಲೆ ಬಂದ ಟೀಕೆ ಸರಿಯಾದದ್ದೇ. ಗಮನಿಸಿದ ಗುಂಪು ತೀರಾ ಚಿಕ್ಕದು. ಹೆಚ್ಚು ಮಾತಾಡುತ್ತಾರೆಂದು ಇಬ್ಬರು ಹೆಂಗಸರನ್ನು ಮಧ್ಯದಲ್ಲೇ ಬದಲಿಸಿದ್ದರು. ಗುಂಪಿನ ಉತ್ಪಾದನೆಗೆ ತಕ್ಕಂತೆ ಕೂಲಿ ಕೊಟ್ಟದ್ದರ ಪರಿಣಾಮವನ್ನು ಕಡೆಗಣಿಸಿದ್ದರು. ಮಾನವ ಸಂಬಂಧದ ಹೆಸರಿನಲ್ಲಿ ಸಂಘಟನೆಯ ಹಕ್ಕನ್ನು ಮರೆಸುವ ಅಪಾಯವೂ ಇತ್ತು. ಇಷ್ಟಾದರೂ, ಯಂತ್ರದ ಬಿಡಿಭಾಗದಂತೆ ನೋಡಲ್ಪಡುತ್ತಿದ್ದ ಕೆಲಸಗಾರ್ತಿಯ ಮಾತನ್ನು ಕೂತು ಕೇಳಿಸಿಕೊಂಡದ್ದು ಶಾಲೆಯ ದೊಡ್ಡ ಸಾಧನೆಗಳಲ್ಲಿ ಒಂದು.

ಯುದ್ಧ ಮತ್ತು ಅಂಕಿಗಳ ಅಧಿಕಾರ

ಎರಡನೆಯ ಮಹಾಯುದ್ಧದಲ್ಲಿ ಶಾಲೆ ಹೆಚ್ಚುಕಡಿಮೆ ಸೇನಾ ಶಿಬಿರವಾಯಿತು. 1943ರಲ್ಲಿ ನಾಗರಿಕರ ಎಂ.ಬಿ.ಎ. ತರಗತಿಗಳನ್ನು ನಿಲ್ಲಿಸಲಾಯಿತು. ಯಾವ ನೆಲೆಯಲ್ಲಿ ಎಷ್ಟು ವಿಮಾನ, ಎಷ್ಟು ಬಿಡಿಭಾಗ, ಎಷ್ಟು ಸಿಬ್ಬಂದಿ ಎಂಬ ಲೆಕ್ಕವನ್ನು ಹತೋಟಿಗೆ ತರಲು ವಾಯುಪಡೆಯ ಅಧಿಕಾರಿಗಳಿಗೆ ಇಲ್ಲಿ ತರಬೇತಿ ಕೊಟ್ಟರು. ಆ ಕೆಲಸದಲ್ಲಿದ್ದ ಯುವ ಅಧ್ಯಾಪಕರಲ್ಲಿ ರಾಬರ್ಟ್ ಮೆಕ್‌ನಮಾರ ಒಬ್ಬರು. ಯುದ್ಧ ಮುಗಿದ ಮೇಲೆ 1946ರಲ್ಲಿ ಅವರು ತಮ್ಮ ತಂಡದೊಂದಿಗೆ ಫೋರ್ಡ್ ಕಾರು ಕಂಪನಿ ಸೇರಿ ಅದರ ಲೆಕ್ಕಪತ್ರವನ್ನು ಹಳಿಗೆ ತಂದರು. 1961ರಲ್ಲಿ ಅಮೆರಿಕದ ರಕ್ಷಣಾ ಮಂತ್ರಿಯಾದರು. ವಿಯೆಟ್ನಾಂ ಯುದ್ಧವನ್ನು ಸತ್ತವರ ಎಣಿಕೆ, ಸುರಿದ ಬಾಂಬಿನ ತೂಕ ಇಂಥ ಅಂಕಿಗಳಲ್ಲಿ ಅಳೆಯಲು ಹೋದದ್ದು ಎಂಥ ದುರಂತ ತಂದಿತೆಂಬುದು ಗೊತ್ತಿರುವುದೇ. ತಾವು ತಪ್ಪಿದ್ದೆವೆಂದು ಅವರೇ 1995ರ ಆತ್ಮಕಥನದಲ್ಲಿ ಒಪ್ಪಿಕೊಂಡರು. ಎಣಿಸಲು ಬರುವುದನ್ನು ನಂಬುವ, ಎಣಿಸಲು ಬಾರದ್ದನ್ನು ಕಡೆಗಣಿಸುವ ಅಭ್ಯಾಸ ವ್ಯವಹಾರ ಶಾಲೆಗಳ ಶಿಕ್ಷಣದಲ್ಲಿ ಅಂದಿನಿಂದ ಇಂದಿನವರೆಗೂ ಉಳಿದಿರುವ ಕೊರತೆ.

ಅದೇ ಕಾಲದ ಇನ್ನೊಬ್ಬ ಅಧ್ಯಾಪಕ ಜಾರ್ಜ್ ಡೋರಿಯೋ ಬೇರೆ ದಾರಿ ಹಿಡಿದರು. ಪ್ಯಾರಿಸ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಅವರು ನಾಲ್ಕು ದಶಕದಷ್ಟು ಕಾಲ ಇಲ್ಲಿ ಪಾಠ ಮಾಡಿದರು. 1946ರಲ್ಲಿ ಅವರು ಕಟ್ಟಲು ನೆರವಾದ ಅಮೆರಿಕನ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಕಂಪನಿ, ಆಸ್ತಿಯಿಲ್ಲದ ಆದರೆ ಹೊಸ ಆಲೋಚನೆಯಿರುವ ಎಂಜಿನಿಯರುಗಳಿಗೆ ಬಂಡವಾಳ ಕೊಟ್ಟಿತು. 1957ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಪುಟ್ಟ ಕಂಪ್ಯೂಟರ್ ಕಂಪನಿಗೆ ಹಾಕಿದ 70,000 ಡಾಲರ್ ಮುಂದೆ ಕೋಟಿಗಟ್ಟಲೆಯಾಗಿ ಬೆಳೆಯಿತು. ಇವತ್ತು ಬೆಂಗಳೂರಿನ ಸ್ಟಾರ್ಟಪ್‌ಗಳು ಬದುಕುವುದು ಈ ವೆಂಚರ್ ಕ್ಯಾಪಿಟಲ್ ಕ್ರಮದಿಂದಲೇ. ಫ್ರಾನ್ಸಿನ ಇನ್ಸಿಯಾಡ್ ಶಾಲೆಯ ಸ್ಥಾಪನೆಗೂ ಡೋರಿಯೋ ಕಾರಣರು.

ಬಾಗಿಲ ಹೊರಗಿದ್ದವರು

ವೃತ್ತಿಯ ಘನತೆಯ ಬಗ್ಗೆ ಇಷ್ಟು ಮಾತಾಡಿದ ಶಾಲೆ ಹೆಂಗಸರಿಗೆ ಬಾಗಿಲು ತೆರೆಯಲು 55 ವರ್ಷ ತೆಗೆದುಕೊಂಡಿತು. ಹಾರ್ವರ್ಡಿನ ಮಹಿಳಾ ಕಾಲೇಜು ರ್ಯಾಡ್‌ಕ್ಲಿಫ್ 1937ರಲ್ಲಿ ಸಿಬ್ಬಂದಿ ಆಡಳಿತದ ಒಂದು ತರಬೇತಿ ಶುರುಮಾಡಿತು. ಈ ಶಾಲೆಯ ಪ್ರಾಧ್ಯಾಪಕರೇ ಅಲ್ಲಿ ಪಾಠ ಮಾಡುತ್ತಿದ್ದರು, ಎಂ.ಬಿ.ಎ. ಪದವಿ ಮಾತ್ರ ಕೊಡುತ್ತಿರಲಿಲ್ಲ. ಎರಡು ವರ್ಷದ ಪೂರ್ಣ ತರಗತಿಗೆ ಮೊದಲ ಎಂಟು ಹೆಂಗಸರು ಸೇರಿದ್ದು 1963ರಲ್ಲಿ. ಮೊದಲ ಕಪ್ಪು ಮಹಿಳೆ ಲಿಲಿಯನ್ ಲಿಂಕನ್ ಪದವಿ ಪಡೆದದ್ದು 1969ರಲ್ಲಿ. ಕಪ್ಪು ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು ಇದ್ದ ಕಾಲದಲ್ಲಿ ಅವರದೇ ಸಂಘಟನೆ ಕಟ್ಟಿ, ಪ್ರವೇಶ ಹೆಚ್ಚಿಸಬೇಕೆಂದು ಡೀನ್ ಮೇಲೆ ಒತ್ತಾಯ ತಂದದ್ದು ವಿದ್ಯಾರ್ಥಿಗಳೇ. ಹೆಂಗಸರನ್ನು ಶಾಲೆ ಸರಿಯಾಗಿ ನಡೆಸಿಕೊಂಡಿಲ್ಲವೆಂದು ಡೀನ್ ನಿತಿನ್ ನೊಹ್ರಿಯಾ 2014ರಲ್ಲಿ ಸಾರ್ವಜನಿಕವಾಗಿ ಕ್ಷಮೆ ಕೇಳಿದರು.

ಭಾರತದ ನಂಟು

ಭಾರತದಲ್ಲಿ ವಾಣಿಜ್ಯ ಶಿಕ್ಷಣ 1913ರ ಮುಂಬಯಿಯ ಸಿಡೆನ್ಹ್ಯಾಮ್ ಕಾಲೇಜಿನಿಂದ ಬೆಳೆದುಬಂದಿತ್ತು. ಅದು ಲೆಕ್ಕಪತ್ರ ಮತ್ತು ಬ್ಯಾಂಕಿಂಗ್ ಕಲಿಸುತ್ತಿತ್ತು. ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಉಕ್ಕು, ಗೊಬ್ಬರ, ಯಂತ್ರೋಪಕರಣಗಳ ದೊಡ್ಡ ಕಾರ್ಖಾನೆಗಳನ್ನು ನಡೆಸುವವರು ಬೇಕಾದರು. ಫೋರ್ಡ್ ಪ್ರತಿಷ್ಠಾನದ ನೆರವಿನಿಂದ 1961ರಲ್ಲಿ ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಮ್ಯಾನೇಜ್ಮೆಂಟ್ (ಐ.ಐ.ಎಂ.) ಹೆಸರಿನ ಎರಡು ಸಂಸ್ಥೆಗಳು ಎದ್ದವು: ಕೋಲ್ಕತ್ತದ್ದು ಎಂ.ಐ.ಟಿ.ಯ ಸಹಯೋಗದಲ್ಲಿ, ಅಹಮದಾಬಾದಿನದು ಹಾರ್ವರ್ಡ್ ಸಹಯೋಗದಲ್ಲಿ. ಅಹಮದಾಬಾದಿನ ಹಿಂದಿನ ಶಕ್ತಿ ವಿಜ್ಞಾನಿ ವಿಕ್ರಮ್ ಸಾರಾಭಾಯಿ, ಗಿರಣಿ ಮಾಲೀಕ ಕಸ್ತೂರ್‌ಭಾಯ್ ಲಾಲ್‌ಭಾಯ್ ಮತ್ತು ಮನಶ್ಶಾಸ್ತ್ರಜ್ಞೆ ಕಮಲಾ ಚೌಧರಿ. ಭಾರತದ ಅಧ್ಯಾಪಕರು ಬಾಸ್ಟನ್ನಿಗೆ ಹೋಗಿ ಕೇಸ್ ಪಾಠ ಕಲಿತರು, ಅಲ್ಲಿಯವರು ಇಲ್ಲಿಗೆ ಬಂದರು. ಲೂಯಿ ಕಾನ್ ವಿನ್ಯಾಸ ಮಾಡಿದ ಇಟ್ಟಿಗೆಯ ಆವರಣದಲ್ಲಿ ಅದೇ ಬಗೆಯ ಮೆಟ್ಟಿಲು ತರಗತಿಗಳು ಬಂದವು.

ಆದರೆ ಅಹಮದಾಬಾದ್ ಸಂಸ್ಥೆ ಹಾರ್ವರ್ಡಿನ ಪಡಿಯಚ್ಚು ಆಗಲಿಲ್ಲ ಎಂಬುದು ನಮಗೆ ಹೆಮ್ಮೆಯ ವಿಷಯ. ಆರಂಭದಿಂದಲೇ ಕೃಷಿಗೆ ಪ್ರತ್ಯೇಕ ಗಮನ ಕೊಟ್ಟು ಬೀಜ, ಹಾಲು, ಸಹಕಾರ ಸಂಘಗಳ ಮೇಲೆ ಭಾರತದ್ದೇ ಕೇಸ್‌ಗಳನ್ನು ಬರೆಯಿತು. ಅದರ ಮೊದಲ ಪೂರ್ಣಾವಧಿ ನಿರ್ದೇಶಕ ರವಿ ಮಥಾಯ್ ಅಧಿಕಾರ ಬಿಟ್ಟ ಮೇಲೆ ರಾಜಸ್ಥಾನದ ಜವಾಜಾ ಎಂಬ ಬರದ ಸೀಮೆಗೆ ಹೋಗಿ, ಚರ್ಮಗಾರರು ಮತ್ತು ನೇಕಾರರು ತಮ್ಮ ವ್ಯವಹಾರವನ್ನು ತಾವೇ ನಡೆಸಿಕೊಳ್ಳುವಂತೆ ಮಾಡಲು ದುಡಿದರು. ಬೆಂಗಳೂರಿನ ಐ.ಐ.ಎಂ. 1973ರಲ್ಲಿ ಬಂತು. ರಾಜ್ಯ ಸರ್ಕಾರ 100 ಎಕರೆ ನೆಲ ಕೊಟ್ಟಿತು, ಎನ್. ಎಸ್. ರಾಮಸ್ವಾಮಿ ಮೊದಲ ನಿರ್ದೇಶಕರಾದರು. ಅದರ ಕಲ್ಲಿನ ಆವರಣವನ್ನು ವಿನ್ಯಾಸ ಮಾಡಿದ ಬಿ. ವಿ. ದೋಶಿ ಅಹಮದಾಬಾದಿನಲ್ಲಿ ಕಾನ್ ಜೊತೆ ಕೆಲಸ ಮಾಡಿದ್ದವರು.

ಬಾಸ್ಟನ್ನಿಗೆ ಹೋಗಿ ಓದಿದ ಭಾರತೀಯರಲ್ಲಿ ರಾಹುಲ್ ಬಜಾಜ್, ಪಿ. ಚಿದಂಬರಂ, ಆನಂದ್ ಮಹೀಂದ್ರ, ನೈನಾ ಲಾಲ್ ಕಿದ್ವಾಯಿ ಹೆಸರಾದವರು. ರತನ್ ಟಾಟಾ 1975ರಲ್ಲಿ ಇಲ್ಲಿನ ಹಿರಿಯ ಅಧಿಕಾರಿಗಳ ತರಬೇತಿ ಮುಗಿಸಿದರು. 2010ರಲ್ಲಿ ಟಾಟಾ ಸಮೂಹದ ಸಂಸ್ಥೆಗಳು ಕೊಟ್ಟ 5 ಕೋಟಿ ಡಾಲರ್ ದೇಣಿಗೆಯಿಂದ ಟಾಟಾ ಹಾಲ್ ಎದ್ದಿತು.

ಕರ್ನಾಟಕ ಈ ಶಾಲೆಯ ತರಗತಿಗೆ ಕೇಸ್‌ಗಳ ರೂಪದಲ್ಲೇ ಪ್ರವೇಶಿಸಿದೆ. ಇನ್ಫೋಸಿಸ್ ಬಗ್ಗೆ ಬರೆದವು ಹಲವು. ಬೆಂಗಳೂರಿನ ಹೊರವಲಯದ ನಾರಾಯಣ ಹೃದಯಾಲಯದ ಕುರಿತು 2005ರಲ್ಲಿ ತರುಣ್ ಖನ್ನಾ, ವಿ. ಕಸ್ತೂರಿ ರಂಗನ್ ಮತ್ತು ಮೆರ್ಲಿನಾ ಮನೋಕರನ್ ಬರೆದ ಕೇಸ್, ದಿನಕ್ಕೆ ಹೆಚ್ಚು ಹೆಚ್ಚು ಶಸ್ತ್ರಚಿಕಿತ್ಸೆ ಮಾಡುತ್ತ ಒಂದೊಂದರ ವೆಚ್ಚ ಇಳಿಸುವ ಅದರ ಸ್ಥಾಪಕ ವೈದ್ಯ ದೇವಿ ಶೆಟ್ಟಿಯವರ ಲೆಕ್ಕಾಚಾರವನ್ನು ಪರಿಶೀಲಿಸುತ್ತದೆ. ತಿಂಗಳಿಗೆ 5 ರೂಪಾಯಿ ಕಂತಿನಿಂದ ಆರಂಭವಾಗಿ ಸಹಕಾರ ಸಂಘಗಳ ರೈತರಿಗೆ ವಿಮೆ ಕೊಟ್ಟ ಯಶಸ್ವಿನಿ ಯೋಜನೆಯೂ ಆ ಆಸ್ಪತ್ರೆಯ ಕಥೆಯ ಭಾಗವೇ. ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಹಾಕುವುದರಿಂದ 2000ದಲ್ಲಿ ಆರಂಭವಾದ ಅಕ್ಷಯ ಪಾತ್ರದ ಅಡುಗೆಮನೆಗಳ ಬಗ್ಗೆ ಡೇವಿಡ್ ಅಪ್ಟನ್ ಮತ್ತು ಸಂಗಡಿಗರು ಕೇಸ್ ಬರೆದಿದ್ದಾರೆ.

ಷೇರುದಾರನ ಕಾಲ ಮತ್ತು ಆಮೇಲೆ

1959ರಲ್ಲಿ ಫೋರ್ಡ್ ಮತ್ತು ಕಾರ್ನೆಗಿ ಪ್ರತಿಷ್ಠಾನಗಳ ವರದಿಗಳು ಅಮೆರಿಕದ ವ್ಯವಹಾರ ಶಾಲೆಗಳಲ್ಲಿ ವಿದ್ವತ್ತೇ ಇಲ್ಲವೆಂದು ಟೀಕಿಸಿದವು. ಬೇರೆ ಶಾಲೆಗಳು ಗಣಿತ ಮತ್ತು ಅರ್ಥಶಾಸ್ತ್ರದ ಕಡೆ ಓಡಿದವು. ಹಾರ್ವರ್ಡ್ ನಿಧಾನವಾಗಿ ಹಿಂಬಾಲಿಸಿತು. ಮೈಕೆಲ್ ಪೋರ್ಟರ್ 1980ರಲ್ಲಿ ಪ್ರಕಟಿಸಿದ ಸ್ಪರ್ಧಾತಂತ್ರದ ಗ್ರಂಥ ಉದ್ಯಮದ ಅರ್ಥಶಾಸ್ತ್ರವನ್ನು ತರಗತಿಗೆ ತಂದಿತು. 1985ರಲ್ಲಿ ಶಾಲೆಗೆ ಬಂದ ಮೈಕೆಲ್ ಜೆನ್ಸನ್ ಇನ್ನೂ ದೂರಗಾಮಿ ಪರಿಣಾಮ ಬೀರಿದರು. ಮ್ಯಾನೇಜರ್ ಎಂದರೆ ಷೇರುದಾರನ ಪ್ರತಿನಿಧಿ. ಅವನ ಸ್ವಾರ್ಥ ಷೇರಿನ ಬೆಲೆಯೊಂದಿಗೆ ಹೊಂದುವಂತೆ ಸಂಬಳ ಕಟ್ಟಬೇಕು ಎಂಬುದು ಅವರ ವಾದದ ತಿರುಳು. 1990ರ ದಶಕದಲ್ಲಿ ಕಂಪನಿ ಮುಖ್ಯಸ್ಥರಿಗೆ ಷೇರು ಆಯ್ಕೆಗಳ ರೂಪದ ಸಂಬಳ ಹೊಳೆಯಾಗಿ ಹರಿಯಿತು. ಎಡ್ವಿನ್ ಗೇ ಕಲ್ಪಿಸಿದ್ದ, ಸಮಾಜಕ್ಕೆ ಉತ್ತರ ಕೊಡಬೇಕಾದ ವೃತ್ತಿಗಾರನಿಗೆ ಈ ಚಿತ್ರದಲ್ಲಿ ಜಾಗವೇ ಇರಲಿಲ್ಲ.

2001ರಲ್ಲಿ ಲೆಕ್ಕಪತ್ರದ ವಂಚನೆ ಬಯಲಾಗಿ ಎನ್ರಾನ್ ಎಂಬ ಇಂಧನ ಕಂಪನಿ ಕುಸಿಯಿತು. ಅದರ ಮುಖ್ಯಸ್ಥನಾಗಿದ್ದ ಜೆಫ್ರಿ ಸ್ಕಿಲ್ಲಿಂಗ್ ಇಲ್ಲಿಯ 1979ರ ಪದವೀಧರ. 2008ರಲ್ಲಿ ಬ್ಯಾಂಕುಗಳು ಕುಸಿದವು, ಅದೇ ಶಾಲೆಯ ಶತಮಾನೋತ್ಸವದ ವರ್ಷ. ಅದಕ್ಕೆ ಒಂದು ವರ್ಷ ಮೊದಲು ಇಲ್ಲಿನ ಪ್ರಾಧ್ಯಾಪಕ ರಾಕೇಶ್ ಖುರಾನಾ ಒಂದು ಗಟ್ಟಿ ಗ್ರಂಥದಲ್ಲಿ, ವ್ಯವಹಾರ ಶಾಲೆಗಳು ಎತ್ತರದ ಧ್ಯೇಯದಿಂದ ಹುಟ್ಟಿ ಷೇರುದಾರರ ಬಾಡಿಗೆ ಕೈಗಳನ್ನು ತಯಾರಿಸುವ ಮಟ್ಟಕ್ಕೆ ಬಂದ ಬಗೆಯನ್ನು ದಾಖಲೆ ಸಮೇತ ತೋರಿಸಿದ್ದರು. 2009ರಲ್ಲಿ ವಿದ್ಯಾರ್ಥಿಗಳೇ, ವೈದ್ಯರು ಮಾಡುವಂತೆ, ಸಮಾಜದ ಹಿತ ಮರೆಯುವುದಿಲ್ಲ ಎಂಬ ಪ್ರತಿಜ್ಞೆ ರಚಿಸಿ ನೂರಾರು ಮಂದಿ ಸಹಿ ಹಾಕಿದರು. ವೈದ್ಯ ತಪ್ಪಿದರೆ ಪರವಾನಗಿ ಹೋಗುತ್ತದೆ; ಈ ಪ್ರತಿಜ್ಞೆ ಮುರಿದವರನ್ನು ಕೇಳುವ ಸಂಸ್ಥೆ ಯಾವುದೂ ಇಲ್ಲ.

2010ರಲ್ಲಿ ಮುಂಬಯಿ ಐ.ಐ.ಟಿ.ಯಲ್ಲಿ ಓದಿದ ನಿತಿನ್ ನೊಹ್ರಿಯಾ ಡೀನ್ ಆದರು. ಕೇಸ್ ಓದುವುದರ ಜೊತೆಗೆ ವಿದ್ಯಾರ್ಥಿಗಳು ತಂಡವಾಗಿ ಬೇರೆ ದೇಶಗಳಿಗೆ ಹೋಗಿ ಕೆಲಸ ಮಾಡಿ ಕಲಿಯುವ ಪಾಠಕ್ರಮವನ್ನು ಅವರು 2011ರಲ್ಲಿ ಸೇರಿಸಿದರು. ತರಗತಿಯೊಳಗಿನ ತೀರ್ಮಾನಕ್ಕೆ ಹೊರಗಿನ ಜನರ ಮುಖ ಕಾಣಿಸಲು ಶಾಲೆ ಮಾಡಿದ ದೊಡ್ಡ ಪ್ರಯತ್ನ ಇದು. 2021ರ ಜನವರಿಯಲ್ಲಿ ಅವರ ಜಾಗಕ್ಕೆ ಬಂದ ಶ್ರೀಕಾಂತ್ ದಾತಾರ್ ಅಹಮದಾಬಾದ್ ಸಂಸ್ಥೆಯಲ್ಲಿ ಕಲಿತವರು. ಅದಕ್ಕೆ ಅರವತ್ತು ವರ್ಷದ ಹಿಂದೆ ಹಾರ್ವರ್ಡ್ ನೆರವಾಗಿ ಕಟ್ಟಿದ ಸಂಸ್ಥೆಯ ವಿದ್ಯಾರ್ಥಿ ಹಾರ್ವರ್ಡಿನ ಶಾಲೆಗೇ ಡೀನ್ ಆದಂತಾಯಿತು. ಅವರ ಅವಧಿಯಲ್ಲಿ 2022ರಲ್ಲಿ, ಎಂ.ಬಿ.ಎ. ವಿದ್ಯಾರ್ಥಿಗಳಲ್ಲಿ ಅತ್ಯಂತ ಬಡತನದಿಂದ ಬಂದ ಸುಮಾರು ಶೇಕಡ 10ರಷ್ಟು ಮಂದಿಗೆ ಬೋಧನಾ ಶುಲ್ಕವನ್ನು ಪೂರ್ತಿ ಭರಿಸುವ ವಿದ್ಯಾರ್ಥಿವೇತನ ಜಾರಿಗೆ ಬಂತು.